ಕ್ರಿಸ್‌ಮಸ್ ರಜೆ, ಊಟಿಯ ಮಂಜು ಮತ್ತು ಶ್ರೀರಂಗಪಟ್ಟಣದ ತೊಲೆ

ಇದೆಲ್ಲಾ ಶುರುವಾಗಿದ್ದು ಅಕ್ಕನಿಂದ.

ಅಕ್ಕ, ಭಾವ ಇರೋದು ಅಮೆರಿಕಾದಲ್ಲಿ. ಹೋದ ಡಿಸೆಂಬರಿನಲ್ಲಿ ಒಂದು ಭಾನುವಾರ ಫೋನ್ ಮಾಡಿದಾಗ, "ಈ ಸಲ ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಹಿಮದ ಬೆಟ್ಟಕ್ಕೆ ಹೋಗ್ತಿದೀವಿ ಕಣೋ, ಮರದ ಮನೆ, ಒಳಗೆ ಬೆಂಕಿ ಗೂಡು, ಹೊರಗೆ ಮೊಣಕಾಲುದ್ದ ಸ್ನೋ" ಅಂತ ವರ್ಣಿಸಿದಳು. ಆಮೇಲೆ ಫೋಟೋಗಳೂ ಬಂದವು. ನನ್ನ ಮಗ ಅವನ್ನೆಲ್ಲಾ ಒಂದೊಂದಾಗಿ ನೋಡಿ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪಾ, ನಮಗ್ಯಾಕೆ ಸ್ನೋ ಇಲ್ಲ?"

ಲಕ್ಷ್ಮೀಪುರಂನಲ್ಲಿ ಕೂತವನು ಇದಕ್ಕೆ ಏನು ಹೇಳಬೇಕು ಹೇಳಿ. ನಮ್ಮಲ್ಲಿ ಡಿಸೆಂಬರ್ ಚಳಿ ಅಂದರೆ ಬೆಳಿಗ್ಗೆ ವಾಕಿಂಗ್ ಹೋಗುವ ಹಿರಿಯರು ಮಫ್ಲರ್ ಸುತ್ತಿಕೊಳ್ಳುವಷ್ಟು, ಅಷ್ಟೇ. ಒಂಬತ್ತು ಗಂಟೆಗೆ ಅದೂ ಹೋಗಿರುತ್ತದೆ. ಬಾಯಿ ತಪ್ಪಿ "ಊಟಿಗೆ ಹೋದರೆ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಬೆಳ್ಳಗೆ ಬಿದ್ದಿರುತ್ತೆ" ಅಂದುಬಿಟ್ಟೆ. ಅಷ್ಟು ಸಾಕಾಯಿತು. ಮಗನ ಕಾನ್ವೆಂಟಿಗೆ ಹೇಗೂ ಕ್ರಿಸ್‌ಮಸ್ ರಜೆ. ಡಿಸೆಂಬರ್ 24ಕ್ಕೆ ಹೊರಡುವುದು ಅಂತ ತೀರ್ಮಾನವಾಯಿತು. ಅಮ್ಮನೂ ಬರುತ್ತೇನೆ ಅಂದರು. ಅದು ಮಾತ್ರ ಆಶ್ಚರ್ಯ. ಎಪ್ಪತ್ತು ದಾಟಿದ ಮೇಲೆ ಅವರು ಚಾಮುಂಡಿ ಬೆಟ್ಟಕ್ಕೆ ಬಿಟ್ಟು ಇನ್ಯಾವ ಬೆಟ್ಟಕ್ಕೂ ಬಂದವರಲ್ಲ.

ಹೋಗಿ ಬಂದ ಮೇಲೆ ಪ್ರವಾಸ ಕಥನ ಬರೆಯೋಣ ಅಂತ ಕೂತೆ. ಬರೆಯುತ್ತಾ ಹೋದ ಹಾಗೆ ಅದು ಚರಿತ್ರೆಯ ಕಡೆಗೇ ತಿರುಗಿಕೊಂಡಿತು. ಸ್ವಲ್ಪ ಉದ್ದವಾಗಿದೆ, ಕಾಫಿ ಇಟ್ಟುಕೊಂಡು ಓದಿ :-)

* * *

ಮೈಸೂರಿನಿಂದ ಊಟಿಗೆ ಸುಮಾರು 125 ಕಿಲೋಮೀಟರ್. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಮುದುಮಲೆ. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲವಾದ್ದರಿಂದ ನಾವು ಬೆಳಕು ಹರಿಯುವ ಮುಂಚೆ ಮನೆ ಬಿಟ್ಟು, ಏಳರ ಹೊತ್ತಿಗೆ ಗುಂಡ್ಲುಪೇಟೆ ದಾಟಿದೆವು. ಕಾಡು ದಾಟಿದ ಮೇಲೆ ಎರಡು ದಾರಿ. ಗೂಡಲೂರಿನ ಮೇಲೆ ಹೋಗುವ ಉದ್ದದ ದಾರಿ ಒಂದು. ಮಸಿನಗುಡಿಯಿಂದ ಕಲ್ಲಟ್ಟಿ ಹತ್ತುವ ಕಡಿದಾದ ದಾರಿ ಇನ್ನೊಂದು. ಕಲ್ಲಟ್ಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ಹತ್ತನೇ ತಿರುವಿನಲ್ಲಿ ಮಗ ವಾಂತಿ ಮಾಡಿಕೊಂಡ. ಅಮ್ಮ ನಿಂಬೆಹಣ್ಣು ಕೊಟ್ಟು ಅವನ ಕತ್ತಿಗೆ ಉಣ್ಣೆ ಮಫ್ಲರ್ ಬಿಗಿದರು. "ಗಂಟಲು ಮುಚ್ಚಿಕೋ, ಗಂಟಲು ಮುಚ್ಚಿಕೋ" ಅಂತ ದಾರಿಯುದ್ದಕ್ಕೂ ಅದೇ ಜಪ. ಅದೇಕೆ ಅಷ್ಟು ಅಂತ ನನಗೆ ಆಗ ಗೊತ್ತಿರಲಿಲ್ಲ.

ಈ ಕಲ್ಲಟ್ಟಿ, ಸೀಗೂರು ಘಾಟಿಯ ಹೆಸರು ವೈದ್ಯಶಾಸ್ತ್ರದ ಚರಿತ್ರೆಯಲ್ಲೂ ಬರುತ್ತದೆ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಅಂತ ತೋರಿಸಿಕೊಟ್ಟ ರೊನಾಲ್ಡ್ ರಾಸ್ 1897ರ ಬೇಸಿಗೆಯಲ್ಲಿ ರಜೆಗೆ ಊಟಿಗೆ ಬಂದಿದ್ದ. ಸುಮ್ಮನೆ ಕೂರುವ ಜಾಯಮಾನ ಅಲ್ಲ. ಕೆಳಗಿನ ಸೀಗೂರು ಘಾಟಿಯಲ್ಲಿ ಜ್ವರ ಜಾಸ್ತಿ ಅಂತ ಕೇಳಿ ಅದನ್ನು ನೋಡಲು ಇಳಿದು ಹೋದ. ತಾನೇ ಮಲೇರಿಯಾ ಹಿಡಿಸಿಕೊಂಡು ಬಂದ! ಅದೇ ವರ್ಷ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ರೋಗಾಣು ಕಂಡುಹಿಡಿದ. ಮೇಲೆ ತಣ್ಣಗಿನ ಊರು, ಅದಕ್ಕೆ ಹೋಗುವ ದಾರಿಯಲ್ಲಿ ಸಾವಿನ ಕಾಡು. ನೂರಿಪ್ಪತ್ತು ವರ್ಷದ ಹಿಂದೆ ಊಟಿಗೆ ಹೋಗುವುದೆಂದರೆ ಹೀಗಿತ್ತು. ನಾವು ಚಿಪ್ಸ್ ತಿನ್ನುತ್ತಾ ಒಂದೂವರೆ ಗಂಟೆಯಲ್ಲಿ ದಾಟಿಬಿಡುತ್ತೇವೆ.

* * *

ನೀಲಗಿರಿಗೆ ಮೊದಲು ದಂಡೆತ್ತಿ ಹೋದವರಲ್ಲಿ ನಮ್ಮ ಕಡೆಯವರೇ ಇದ್ದಾರೆ ಅನ್ನುವುದು ಎಷ್ಟು ಜನಕ್ಕೆ ಗೊತ್ತೋ ಇಲ್ಲವೋ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಎಂಬಾತನ ಶಾಸನ ಚಾಮರಾಜನಗರದಲ್ಲಿದೆ, ಕ್ರಿ.ಶ. 1117ರದ್ದು. ಅವನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ವಶಮಾಡಿಕೊಂಡ ವಿಷಯ ಅದರಲ್ಲಿ ಬರುತ್ತದೆ. ತೋಡರ ಹೆಸರು ಸಿಗುವ ಅತಿ ಹಳೆಯ ದಾಖಲೆ ಇದೇ. ಬ್ರಿಟಿಷರು "ಕಂಡುಹಿಡಿಯುವ" ಏಳುನೂರು ವರ್ಷ ಮೊದಲೇ ಈ ಬೆಟ್ಟಕ್ಕೆ ಹೆಸರಿತ್ತು, ಜನರಿದ್ದರು, ಆ ಜನರನ್ನು ಬೆದರಿಸಲು ಹೋದ ದಂಡನಾಯಕರೂ ಇದ್ದರು.

ಪುಣಿಸ ಗೆದ್ದು ವಾಪಸಾದ. ಆದರೆ ಹೋಗಿ ಅಲ್ಲೇ ಉಳಿದವರೂ ಇದ್ದಾರೆ, ಬಡಗರು. ಬಡಗ ಅಂದರೆ ಉತ್ತರ. ಉತ್ತರದಿಂದ, ಅಂದರೆ ನಮ್ಮ ಮೈಸೂರು ಸೀಮೆಯ ಕಡೆಯಿಂದ ಬಂದವರು ಅಂತ ಹೆಸರೇ ಹೇಳುತ್ತದೆ. ಯಾವಾಗ ಬಂದರು, ಒಂದೇ ಸಲ ಬಂದರೋ ಹಲವು ಸಲವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವರ ಸ್ವಂತ ಕಥೆಗಳು ಮಾತ್ರ ಬಹುತೇಕ ಒಂದೇ ಧಾಟಿಯವು: ಬಯಲಿನಲ್ಲಿ ಬಲಾಢ್ಯರ ಕಾಟ ತಡೆಯಲಾರದೆ ರಾತ್ರೋರಾತ್ರಿ ಹೊರಟು, ಹೊಳೆ ದಾಟಿ, ಬೆಟ್ಟ ಹತ್ತಿ ಬಚಾವಾದದ್ದು. ಅವರ ಮಾತನ್ನು ಹಿಂದೆ ಕನ್ನಡದ ಉಪಭಾಷೆ ಅನ್ನುತ್ತಿದ್ದರು. ಈಗ ಅದು ಸ್ವತಂತ್ರ ಭಾಷೆ ಅಂತ ಅವರೂ ಹೇಳುತ್ತಾರೆ, ಅನೇಕ ಭಾಷಾವಿಜ್ಞಾನಿಗಳೂ ಒಪ್ಪುತ್ತಾರೆ. ಆದರೂ ಕಿವಿಗೆ ಬಿದ್ದರೆ ನೆಂಟಸ್ತಿಕೆ ತಿಳಿಯುತ್ತದೆ. ಊರಿಗೆ ಹಟ್ಟಿ, ಉತ್ಸವಕ್ಕೆ ಹಬ್ಬ, ಪಶುವಿಗೆ ಎಮ್ಮೆ. ಕಲ್ಲಟ್ಟಿಯ ಬಾಲದಲ್ಲಿರುವುದೂ ಆ ಹಟ್ಟಿಯೇ. ನೀಲಗಿರಿಯ ಅತಿ ಎತ್ತರದ ಶಿಖರ 2637 ಮೀಟರ್. ಅದರ ಹೆಸರು ದೊಡ್ಡಬೆಟ್ಟ! ಅದನ್ನು ಯಾರೂ ನಮಗೆ ಅನುವಾದ ಮಾಡಿ ಹೇಳಬೇಕಾಗಿಲ್ಲ.

ಕಲ್ಲಟ್ಟಿ ಹತ್ತಿದ ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಅಂಗಡಿಯ ಹಿರಿಯರು ಬಡಗರು. ಅಮ್ಮ ಮೈಸೂರು ಕನ್ನಡದಲ್ಲಿ ಮಾತಾಡಿದರು, ಅವರು ಅವರದ್ದರಲ್ಲಿ. ಹತ್ತು ನಿಮಿಷ ಇಬ್ಬರಿಗೂ ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ. "ಇವರು ನಮ್ಮೋರೇ ಕಣೋ" ಅಂತ ಅಮ್ಮ ಕಾರಿಗೆ ಬಂದು ಘೋಷಿಸಿದರು. ನಮ್ಮೋರಲ್ಲ, ಅವರು ಅವರೇ, ಅಂತ ನಾನು ತಿದ್ದಲು ಹೋಗಲಿಲ್ಲ.

ಕ್ರಿಸ್‌ಮಸ್ ಅಂದಮೇಲೆ ಇನ್ನೊಂದು ಸಂಗತಿ. ದಾಖಲೆಯ ಪ್ರಕಾರ ನೀಲಗಿರಿ ಹತ್ತಿದ ಮೊದಲ ಯುರೋಪಿಯನ್ನರಲ್ಲಿ ಒಬ್ಬ ಪಾದ್ರಿ, ಫೆನಿಸಿಯೊ ಅಂತ, 1603ರಲ್ಲಿ. ಆತ ತಂಪಿಗೆ ಹೋದವನಲ್ಲ. ಎಂದೋ ಕ್ರೈಸ್ತರಾಗಿದ್ದು ನಂಬಿಕೆ ಮರೆತವರು ಆ ಬೆಟ್ಟದ ಮೇಲೆ ಇದ್ದಾರೆ ಎಂಬ ಸುದ್ದಿ ಮಲಬಾರಿನಲ್ಲಿ ಹಬ್ಬಿತ್ತು, ಅವರನ್ನು ಹುಡುಕಿಕೊಂಡು ಮಲಬಾರಿನ ಕಡೆಯಿಂದ ಹತ್ತಿದ. ಅಲ್ಲಿ ಸಿಕ್ಕಿದ್ದು ಎಮ್ಮೆ ಕಾಯುವ ತೋಡರು ಮತ್ತು ಬಡಗರು. ಬಂದ ದಾರಿಗೆ ಸುಂಕವಿಲ್ಲ ಅಂತ ಇಳಿದು ಹೋದ. ಆಮೇಲೆ ಇನ್ನೂರು ವರ್ಷ ಹೊರಗಿನವರ ಗಲಾಟೆ ಹೆಚ್ಚೇನೂ ಇರಲಿಲ್ಲ.

* * *

1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಈ ಬೆಟ್ಟಗಳು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದವು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಹತ್ತಿದ. ನೋಡಿ ಮರುಳಾದ. ತೋಡರಿಂದ ಎಕರೆಗೆ ಒಂದು ರೂಪಾಯಿ ಲೆಕ್ಕದಲ್ಲಿ ಜಮೀನು ಕೊಂಡು, 1822ರಲ್ಲಿ ಕಲ್ಲಿನ ಮನೆ ಕಟ್ಟಿಸಲು ತೊಡಗಿದ. ಸುತ್ತಲಿನವರು ಅದನ್ನು ಕಲ್ ಬಂಗಲೆ ಅಂದರು. ಊಟಿಯ ಕೆರೆ ತೋಡಿಸಿದವನೂ ಅವನೇ. ಊರಿನ ಹೆಸರಾದ ಉದಕಮಂಡಲದಲ್ಲಿ ಇರುವ "ಮಂದ್" ತೋಡರ ದೊಡ್ಡಿ, ನಮ್ಮ "ಮಂದೆ"ಯ ನೆಂಟ. ಜಾಗ ಹೋದರೂ ಹೆಸರಿನಲ್ಲಿ ಅವರು ಉಳಿದರು ಅಷ್ಟೇ.

ಆಗ ಯಾರೂ ಮಜಾ ಮಾಡಲು ಬೆಟ್ಟ ಹತ್ತುತ್ತಿರಲಿಲ್ಲ. ಬಯಲಿನಲ್ಲಿ ಕಾಲರಾ, ಮಲೇರಿಯಾ, ಆಮಶಂಕೆಗೆ ಇಂಗ್ಲಿಷರು ಹುಳುಗಳಂತೆ ಸಾಯುತ್ತಿದ್ದರು. ಹೆಚ್ಚಿನವಕ್ಕೆ ಸರಿಯಾದ ಮದ್ದಿರಲಿಲ್ಲ. ಹಡಗು ಹತ್ತಿ ಊರಿಗೆ ಹೋಗುವುದೊಂದೇ ಚಿಕಿತ್ಸೆ, ಅದಕ್ಕೂ ತಿಂಗಳುಗಟ್ಟಲೆ. ತಂಪಾದ ಬೆಟ್ಟ ಸಿಕ್ಕರೆ ಆ ಪ್ರಯಾಣ ಉಳಿಯುತ್ತದೆ. ಮದ್ರಾಸಿನ ಗವರ್ನರ್ ಸ್ಟೀಫನ್ ಲಷಿಂಗ್ಟನ್ ಕಾಲದಲ್ಲಿ ಊಟಿ ರೋಗಿ ಸೈನಿಕರ ಆರೈಕೆಯ ತಾಣವಾಯಿತು. ಅಂದರೆ ನಾವು ಇವತ್ತು "ಹಿಲ್ ಸ್ಟೇಷನ್" ಅಂತ ಕರೆಯುವುದು ಮೊದಲಿಗೆ ಒಂದು ದೊಡ್ಡ ಆಸ್ಪತ್ರೆ ವಾರ್ಡು.

ಆ ಲಷಿಂಗ್ಟನ್ನೇ 1829ರ ಏಪ್ರಿಲ್ 23ರಂದು, ದೊರೆ ನಾಲ್ಕನೇ ಜಾರ್ಜನ ಹುಟ್ಟುಹಬ್ಬ ಆಚರಿಸಿದ ದಿನ, ಸಂತ ಸ್ಟೀಫನ್ನರ ಚರ್ಚಿಗೆ ಅಡಿಗಲ್ಲು ಹಾಕಿದ್ದು. 1831ರ ಈಸ್ಟರಿಗೆ ಅದು ಜನಕ್ಕೆ ತೆರೆಯಿತು. ಇನ್ನು ಮೈಸೂರಿನವರು ಕಿವಿಗೊಟ್ಟು ಕೇಳಬೇಕಾದ ಭಾಗ. ಚರ್ಚಿನ ಮಾಡಿಗೆ ದೊಡ್ಡ ತೊಲೆಗಳು ಬೇಕಿದ್ದವು. ತಂದಿದ್ದು ಎಲ್ಲಿಂದ? ಶ್ರೀರಂಗಪಟ್ಟಣದಿಂದ! ಟಿಪ್ಪುವಿನ ಅರಮನೆ ಕೆಡವಿದಾಗ ಸಿಕ್ಕ ತೊಲೆಗಳನ್ನು, ಮರಮುಟ್ಟನ್ನು ಬೆಟ್ಟದ ಮೇಲಕ್ಕೆ ಸಾಗಿಸಿದರು. ಆನೆಗಳಿಂದ ಎಳೆಸಿದರು ಅಂತ ಹೇಳುತ್ತಾರೆ. ನಾವು ಕಾರಿನಲ್ಲಿ ಉಸ್ಸಪ್ಪಾ ಅಂದ ಘಾಟಿಯನ್ನು ಆ ತೊಲೆಗಳು ಹೇಗೆ ಹತ್ತಿದವೋ ಊಹಿಸಿಕೊಳ್ಳಿ.

ಡಿಸೆಂಬರ್ 25ರ ಮಧ್ಯಾಹ್ನ ಪ್ರಾರ್ಥನೆಯ ಗದ್ದಲ ಮುಗಿದ ಮೇಲೆ ಒಳಗೆ ಹೋದೆವು. ನಕ್ಷತ್ರದ ದೀಪ, ಗೋದಲಿ, ಮೇಣದ ವಾಸನೆ. ಮಗ ಗೋದಲಿಯ ಕುರಿಮರಿ ನೋಡುತ್ತಾ ನಿಂತ. ನಾನು ಅಮ್ಮನಿಗೆ ಮೇಲೆ ತೋರಿಸಿ "ಇದು ನಮ್ಮ ಪಟ್ಟಣದ ತೊಲೆ" ಅಂದೆ. ಅಮ್ಮ ತಲೆಯೆತ್ತಿ ಬಹಳ ಹೊತ್ತು ನೋಡಿದರು. ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ ಆ ಅರಮನೆಯ ತಳಪಾಯ ಮಾತ್ರ ಇದೆ. ನಾವು ವರ್ಷಕ್ಕೆ ಎರಡು ಸಲ ಅದರ ಪಕ್ಕದಲ್ಲೇ ಗಾಡಿ ನಿಲ್ಲಿಸಿ ದೇವಸ್ಥಾನಕ್ಕೆ ಹೋಗುತ್ತೇವೆ. ನಮ್ಮೂರಿನ ಅರಮನೆ ಎಲ್ಲಿ ಹೋಯಿತು ಅಂದರೆ ಉತ್ತರದ ಒಂದು ತುಂಡು ಇಲ್ಲಿದೆ. ಎರಡು ಶತಮಾನಗಳ ಕ್ರಿಸ್‌ಮಸ್ ಹಾಡುಗಳನ್ನು ಅದು ಹೊತ್ತಿದೆ.

"ಯಾರ ಮನೆಯ ಮರವೋ, ಎಲ್ಲಿಯ ದೇವರೋ. ಹುಳ ಹಿಡೀದೆ ಇನ್ನೂ ಗಟ್ಟಿಯಾಗಿದೆ ನೋಡು" ಅಂದರು ಅಮ್ಮ.

ಚರ್ಚಿನ ಹಿಂದೆ ಇಳಿಜಾರಿನಲ್ಲಿ ಸಮಾಧಿಗಳು. ಊಟಿಯನ್ನು ಕಟ್ಟಿದ ಸಲಿವನ್ನನ ಹೆಂಡತಿ ಮತ್ತು ಮಗಳೂ ಅಲ್ಲೇ ಮಲಗಿದ್ದಾರೆ. ಸಾವಿನಿಂದ ತಪ್ಪಿಸಿಕೊಳ್ಳಲೆಂದು ಹುಡುಕಿದ ಜಾಗ, ಹುಡುಕಿದವನ ಮನೆಯವರನ್ನೇ ಉಳಿಸಲಿಲ್ಲ. ಕಲ್ಲುಗಳ ಮೇಲಿನ ವಯಸ್ಸುಗಳನ್ನು ಓದುತ್ತಾ ಹೋದರೆ ತಿಂಗಳ ಲೆಕ್ಕದ ಮಕ್ಕಳು, ಇಪ್ಪತ್ತು ದಾಟಿದ ತಾಯಂದಿರು. ಮಗ "ಇಷ್ಟು ಚಿಕ್ಕವರು ಯಾಕೆ ಸತ್ತರು?" ಅಂತ ಕೇಳಿದ. ಆಗ ಇಂಜೆಕ್ಷನ್ ಇರಲಿಲ್ಲ ಕಣೋ ಅಂದೆ. ಇಂಜೆಕ್ಷನ್ ಕಂಡರೆ ಮನೆಯೆಲ್ಲಾ ಓಡಾಡಿಸುವ ಹುಡುಗ ಏನೂ ಮಾತಾಡಲಿಲ್ಲ.

* * *

ಈಗ ಒಂದು ತಮಾಷೆ. ನಾನು ಇಷ್ಟು ದಿನ ಅಂದುಕೊಂಡಿದ್ದೆ, ಕ್ರಿಸ್‌ಮಸ್ಸಿಗೆ ಬೆಟ್ಟಕ್ಕೆ ಹೋಗುವ ಖಯಾಲಿ ನಮಗೆ ಇಂಗ್ಲಿಷರಿಂದ ಬಂದದ್ದು ಅಂತ. ಅಲ್ಲ! ಇಂಗ್ಲಿಷರ ಬೆಟ್ಟದ ಸೀಸನ್ ಬೇಸಿಗೆ. ಸುಮಾರು 1870ರಿಂದ ಮದ್ರಾಸ್ ಸರ್ಕಾರ ಪ್ರತಿ ಬೇಸಿಗೆ ಕಡತಗಳ ಸಮೇತ ಊಟಿಗೆ ಹೋಗುತ್ತಿತ್ತು. ಅತ್ತ ವೈಸರಾಯ್ ಸಿಮ್ಲಾಕ್ಕೆ. ಚಳಿಗಾಲ ಬಂತೆಂದರೆ ಎಲ್ಲರೂ ಇಳಿದು ಬಯಲಿಗೆ. ಮದ್ರಾಸು, ಕಲ್ಕತ್ತೆಯಲ್ಲಿ ಬಿಸಿಲು ಹಿತವಾಗಿರುವುದೇ ಆಗ. ಕುದುರೆ ಪಂದ್ಯ, ಔತಣ, ದರ್ಬಾರು, ಕ್ರಿಸ್‌ಮಸ್ ಎಲ್ಲಾ ಅಲ್ಲಿ. ಊಟಿ ಡಿಸೆಂಬರಿನಲ್ಲಿ ಬಿಕೋ ಅನ್ನುವ ಊರು.

1834ರಲ್ಲಿ ಮೆಕಾಲೆ (ಅದೇ, ನಮಗೆಲ್ಲಾ ಇಂಗ್ಲಿಷ್ ಕಲಿಸಿದವನು) ಮದ್ರಾಸಿನಲ್ಲಿ ಇಳಿದು ಪಲ್ಲಕ್ಕಿಯಲ್ಲಿ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ದಾಟಿ ಊಟಿಗೆ ಹೋಗಿದ್ದೂ ಜೂನ್ ತಿಂಗಳಲ್ಲಿ. ಗವರ್ನರ್ ಜನರಲ್ ಬೆಂಟಿಂಕ್ ಅಲ್ಲಿದ್ದ. ದಾರಿಯಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಡು ಹೋದ. ಅವರ ಕೈಯಿಂದ ರಾಜ್ಯಭಾರ ಕಿತ್ತುಕೊಂಡು ಆಗ ಮೂರು ವರ್ಷವಾಗಿತ್ತು. ಕಿತ್ತುಕೊಂಡವನು ಇದೇ ಬೆಂಟಿಂಕ್. ರಾಜ್ಯ ಕಳೆದುಕೊಂಡವರು ಕೆಳಗೆ ಮೈಸೂರಿನಲ್ಲಿ, ಕಿತ್ತುಕೊಂಡವರು ಮೇಲೆ ತಂಪಿನಲ್ಲಿ. ನಡುವೆ ನಾವು ಬಂದ ಇದೇ ಘಾಟಿ.

ಮುಂದೆ ಮೈಸೂರು ಅರಸರೂ ಊಟಿಯಲ್ಲಿ ಮನೆ ಮಾಡಿಕೊಂಡರು. ಫರ್ನ್‌ಹಿಲ್ ಎಂಬ ಬಂಗಲೆ 1870ರ ದಶಕದಲ್ಲಿ ಅವರ ಪಾಲಿಗೆ ಬಂದು, ಬೆಳೆದು ಬೇಸಿಗೆ ಅರಮನೆ ಆಯಿತು. ಅಲ್ಲಿಗೂ ಹೋಗುತ್ತಿದ್ದುದು ಬೇಸಿಗೆಗೇ. ಡಿಸೆಂಬರ್ ಬಂದರೆ ರಾಜ ಮಹಾರಾಜರ ದಾರಿಯೂ ಬಯಲಿಗೆ, ಕಲ್ಕತ್ತೆಗೆ. ಆಗ ದೇಶದ ರಾಜಧಾನಿ ಅದು.

ಹಾಗೆ ಹೋದ ಒಂದು ಕ್ರಿಸ್‌ಮಸ್ ವಾರ ಮೈಸೂರಿನ ದಿಕ್ಕನ್ನೇ ಬದಲಿಸಿತು.

ಅರಮನೆಯ ಮುಂದಿನ ವೃತ್ತದಲ್ಲಿ ಪ್ರತಿಮೆಯಾಗಿ ನಿಂತಿರುವ ಹತ್ತನೇ ಚಾಮರಾಜೇಂದ್ರ ಒಡೆಯರು 1863ರಲ್ಲಿ ಹುಟ್ಟಿದವರು. ಬ್ರಿಟಿಷರು 1881ರಲ್ಲಿ ರಾಜ್ಯ ವಾಪಸು ಕೊಟ್ಟಾಗ ಅವರಿಗೆ ಹದಿನೆಂಟು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೃಗಾಲಯ ಅವರ ಕಾಲದ್ದು. 1892ರಲ್ಲಿ ಮೈಸೂರಿಗೆ ಬಂದ ವಿವೇಕಾನಂದರನ್ನು ಆದರಿಸಿದವರೂ ಅವರೇ. 1894ರ ಡಿಸೆಂಬರಿನಲ್ಲಿ ಅವರು ಕಲ್ಕತ್ತೆಗೆ ಹೋದರು. ಅಲ್ಲಿ ಗಂಟಲುಮಾರಿ ತಗುಲಿತು, ಡಿಫ್ತೀರಿಯಾ. ಕ್ರಿಸ್‌ಮಸ್ ಮುಗಿದು ಮೂರನೇ ದಿನ, ಡಿಸೆಂಬರ್ 28ಕ್ಕೆ, ತೀರಿಕೊಂಡರು. ವಯಸ್ಸು ಮೂವತ್ತೊಂದು. ಕಲ್ಕತ್ತೆಯ ಕೇವಡಾತಲಾ ಘಾಟಿನಲ್ಲಿ ಅವರ ನೆನಪಿಗೆ ದಕ್ಷಿಣದ ಶೈಲಿಯ ಗುಡಿಯಿದೆ. ಆದಿಗಂಗೆಯ ತೀರದಲ್ಲಿ ಒಂದು ತುಂಡು ಮೈಸೂರು.

ಮೈಸೂರಿನಲ್ಲಿ ಹತ್ತು ವರ್ಷದ ಹುಡುಗ ರಾಜನಾದ. ಅವರೇ ನಾಲ್ವಡಿ. 1902ರವರೆಗೆ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ರೀಜೆಂಟರಾಗಿ ರಾಜ್ಯ ನೋಡಿಕೊಂಡರು. 1898ರಲ್ಲಿ ಪ್ಲೇಗು ಬಂದಾಗ ಇದ್ದವರು ಅವರೇ. ಗಂಡನನ್ನು ಒಂದು ರೋಗ ನುಂಗಿದ ನಾಲ್ಕೇ ವರ್ಷಕ್ಕೆ ಊರನ್ನೇ ಇನ್ನೊಂದು ರೋಗ ಹಿಡಿಯಿತು. ಮುಂದೆ 1903ರಲ್ಲಿ ಮೈಸೂರಿಗೆ ನಗರ ಸುಧಾರಣಾ ಮಂಡಳಿ ಬಂತು, ಇಕ್ಕಟ್ಟಿನ ಹಳೇ ಊರಿನಿಂದ ಜನ ಗಾಳಿ ಬೆಳಕಿನ ಹೊಸ ಬಡಾವಣೆಗಳಿಗೆ ಹರಡಿಕೊಂಡರು. ಮೈಸೂರಿನ ಅಗಲವಾದ ರಸ್ತೆಗಳನ್ನು ಹೊಗಳುವಾಗ ಅವು ಅಗಲವಾಗಲು ಕಾರಣವಾದ ಭಯವನ್ನು ನಾವು ನೆನೆಯುವುದಿಲ್ಲ.

ಒಂದು ವಿಚಾರ ಮನಸ್ಸಿಗೆ ಚುಚ್ಚುತ್ತದೆ. ಗಂಟಲುಮಾರಿಗೆ ಪ್ರತಿವಿಷದ ಸೀರಮ್ ಚಿಕಿತ್ಸೆ ಫಲ ಕೊಡುತ್ತಿದೆ ಎಂದು ಪ್ಯಾರಿಸಿನ ಎಮಿಲ್ ರೂ ಬುಡಾಪೆಸ್ಟಿನ ವೈದ್ಯರ ಸಮ್ಮೇಳನದಲ್ಲಿ ಪ್ರಕಟಿಸಿದ್ದು ಅದೇ 1894ರ ಸೆಪ್ಟೆಂಬರಿನಲ್ಲಿ. ಆ ದಾರಿ ತೋರಿಸಿದ ಬೆರಿಂಗ್‌ಗೆ 1901ರಲ್ಲಿ ವೈದ್ಯಶಾಸ್ತ್ರದ ಮೊದಲ ನೊಬೆಲ್ ಸಿಕ್ಕಿತು. ಬುಡಾಪೆಸ್ಟಿನ ಸುದ್ದಿಗೂ ಕಲ್ಕತ್ತೆಯ ಸಾವಿಗೂ ನಡುವೆ ನಾಲ್ಕು ತಿಂಗಳು ಕೂಡ ಇಲ್ಲ.

* * *

ಈ ಕಥೆಯನ್ನು 25ರ ರಾತ್ರಿ ಹೋಟೆಲ್ ರೂಮಿನಲ್ಲಿ ಹೇಳುತ್ತಿದ್ದೆ. (ಬಿಸಿನೀರು ಬರುತ್ತೆ ಅಂದಿದ್ದರು, ಬರಲಿಲ್ಲ. ಬೆಂಕಿ ಗೂಡು ಇತ್ತು, ಸೌದೆಗೆ ಬೇರೆ ದುಡ್ಡು. ಇರಲಿ.) "ಗಂಟಲುಮಾರಿ" ಅಂದ ಕೂಡಲೇ ಅಮ್ಮ ಕೈಯಲ್ಲಿದ್ದ ಹಾಲಿನ ಲೋಟ ಕೆಳಗಿಟ್ಟರು.

"ನಿನಗೊಬ್ಬ ಸೋದರಮಾವ ಇದ್ದ" ಅಂದರು.

ನನಗೆ ಗೊತ್ತಿರುವಂತೆ ಅಮ್ಮನೇ ಮನೆಗೆ ಹಿರಿಯ ಮಗು. ಅಲ್ಲವಂತೆ. ಅವರು ಹುಟ್ಟುವ ಎರಡು ವರ್ಷ ಮುಂಚೆ ಆರು ವರ್ಷದ ಅಣ್ಣ ಹೋಗಿದ್ದ. ನಂಜನಗೂಡಿನ ಆಚೆ ಹಳ್ಳಿ. ಮೊದಲು ನೆಗಡಿ ಅಂದುಕೊಂಡರು, ಕಷಾಯ ಕೊಟ್ಟರು. ಗಂಟಲಲ್ಲಿ ಬೂದು ಪೊರೆ ಕಟ್ಟಿ ಉಸಿರು ಎಳೆಯುವ ಸದ್ದು ಬದಲಾಯಿತು. ಮೈಸೂರಿನ ದೊಡ್ಡಾಸ್ಪತ್ರೆಗೆ ಅಂತ ಎತ್ತಿನ ಗಾಡಿ ಕಟ್ಟಿದರು. ಊರ ಗಡಿ ದಾಟಿದ್ದಷ್ಟೇ, ಗಾಡಿ ವಾಪಸು ತಿರುಗಿತು. ನನ್ನ ಅಜ್ಜಿ ಆಮೇಲೆ ಹುಟ್ಟಿದ ಎಲ್ಲ ಮಕ್ಕಳಿಗೂ ಚಳಿಗಾಲ ಬಂದರೆ ಕತ್ತಿಗೆ ಬಟ್ಟೆ ಸುತ್ತದೆ ಹೊರಗೆ ಬಿಡುತ್ತಿರಲಿಲ್ಲವಂತೆ. ಅಮ್ಮ ಅದನ್ನು ನಮಗೆ ಸುತ್ತಿದರು, ಈಗ ಮೊಮ್ಮಗನಿಗೆ. ಬಟ್ಟೆ ಸುತ್ತಿದರೆ ಗಂಟಲುಮಾರಿ ನಿಲ್ಲುವುದಿಲ್ಲ, ಅದು ಚಳಿಯಿಂದ ಬರುವ ರೋಗವೂ ಅಲ್ಲ, ಅಂಟುರೋಗ. ಆದರೆ ಅಜ್ಜಿಯ ಕೈಯಲ್ಲಿದ್ದ ಔಷಧಿ ಅದೊಂದೇ.

ನಮ್ಮ ದೇಶದಲ್ಲಿ 1978ರ ಲಸಿಕೆ ಕಾರ್ಯಕ್ರಮದಿಂದ ಮಕ್ಕಳಿಗೆ ಡಿ.ಪಿ.ಟಿ. ಚುಚ್ಚುಮದ್ದು ವ್ಯಾಪಕವಾಗಿ ಸಿಗತೊಡಗಿತು. ಅದರ "ಡಿ" ಅಂದರೆ ಇದೇ ಡಿಫ್ತೀರಿಯಾ. ನನ್ನ ಮಗನಿಗೆ ಕೊಡಿಸಿದ ದಿನ ನಾನು ಚೀಟಿಯ ಮೇಲೆ ಗುರುತು ಹಾಕಿಸಿಕೊಂಡು ಆಫೀಸಿಗೆ ಓಡಿದ್ದೆ. ಏನು ತಪ್ಪಿತು ಅಂತ ಯೋಚನೆ ಕೂಡ ಮಾಡಿರಲಿಲ್ಲ.

ಅಮ್ಮ ಅಷ್ಟು ಹೇಳಿ, "ಇದನ್ನ ಯಾರಿಗೂ ಹೇಳಿರಲಿಲ್ಲ. ಹೇಳೋಕ್ಕೆ ಅವನ ಫೋಟೋ ಕೂಡ ಇಲ್ಲ" ಅಂದರು. ನಾವು ಯಾರೂ ಮಾತಾಡಲಿಲ್ಲ. ಸೌದೆ ಉರಿದು ಮುಗಿಯಿತು.

* * *

26ರ ಬೆಳಿಗ್ಗೆ ಆರಕ್ಕೆಲ್ಲಾ ಎದ್ದು ತಲೈಕುಂದಾ ಕಡೆ ಹೋದೆವು. ಮಂಜು ಬೀಳುವ ಜಾಗ ಅಂತ ಹೋಟೆಲಿನವರು ಹೇಳಿದ್ದರು. ಬೆಟ್ಟದ ತುದಿಯಲ್ಲಿ ಹೆಚ್ಚು ಬೀಳಬೇಕಲ್ಲವೇ ಅಂತ ನನಗೆ ಅನುಮಾನ. ವಿಷಯ ಹಾಗಿಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಬಿಸಿಯೆಲ್ಲಾ ಆಕಾಶಕ್ಕೆ ಹೋಗುತ್ತದೆ. ತಣ್ಣಗಾದ ಗಾಳಿ ಭಾರ, ಅದು ನೀರಿನಂತೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಕೂರುವ ಬದಲು ಸಣ್ಣ ಸಣ್ಣ ಹರಳಾಗುತ್ತದೆ. ಅದಕ್ಕೇ ದೊಡ್ಡಬೆಟ್ಟದ ನೆತ್ತಿಗಿಂತ ಕೆಳಗಿನ ಹುಲ್ಲುಗಾವಲು, ಕುದುರೆ ಪಂದ್ಯದ ಮೈದಾನ, ಸಸ್ಯೋದ್ಯಾನದ ಹುಲ್ಲು ಬೆಳ್ಳಗಾಗುವುದು. ಆಕಾಶದಿಂದ ಬೀಳುವ ಹಿಮವೇ ಬೇರೆ. ಊಟಿ 2240 ಮೀಟರ್ ಎತ್ತರ ಇದ್ದರೂ ಭೂಮಧ್ಯರೇಖೆಗೆ ಹತ್ತಿರ, ಡಿಸೆಂಬರ್ ಕಳೆದರೆ ಒಣ ಹವೆ. ಇದರಿಂದ ಮೋಜು ನಮಗೆ, ಚಹಾ ಬೆಳೆಯುವವರಿಗೆ ಇದು ಚಿಗುರು ಸುಡುವ ಶತ್ರು.

ಟಾರ್ಚ್ ಬೆಳಕಿನಲ್ಲಿ ಹುಲ್ಲು ಸಕ್ಕರೆ ಉದುರಿಸಿದ ಹಾಗೆ ಹೊಳೆಯುತ್ತಿತ್ತು. ಮಗ ಓಡಿ ಹೋಗಿ ಎರಡು ಕೈಯಲ್ಲಿ ಬಾಚಿದ. ಉಂಡೆ ಕಟ್ಟಲು ನೋಡಿದ. ಕೈಯಲ್ಲಿ ಎರಡು ಹನಿ ನೀರು, ನಾಲ್ಕು ಹುಲ್ಲಿನೆಳೆ.

"ಅಪ್ಪಾ, ಇದು ಸ್ನೋ ಅಲ್ಲ."

ಅಲ್ಲ ಅಂತ ಒಪ್ಪಿಕೊಂಡೆ. ಕನ್ನಡದಲ್ಲಿ ಬೆಳಗಿನ ಮಬ್ಬಿಗೂ ಮಂಜು, ಹೆಪ್ಪುಗಟ್ಟಿದ ಇಬ್ಬನಿಗೂ ಮಂಜು, ಅಮೆರಿಕಾದಲ್ಲಿ ಬೀಳುವುದಕ್ಕೂ ಮಂಜು ಅಂತ ವಾದಿಸಿ ಗೆಲ್ಲಬಹುದಿತ್ತು. ಆದರೆ ಅವನು ಹೇಳಿದ್ದು ಸರಿ. ಸೂರ್ಯ ಬಂದು ಅರ್ಧ ಗಂಟೆಯಲ್ಲಿ ಎಲ್ಲಾ ಹಸಿರಾಯಿತು. ಅವನಿಗೆ ಸ್ವಲ್ಪ ನಿರಾಸೆ. ಅವನ ಅಜ್ಜಿ ಮಾತ್ರ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ತಣ್ಣನೆ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದರು. ಆಮೇಲೆ ಅವನನ್ನು ಕರೆದು ಕತ್ತಿನ ಮಫ್ಲರ್ ತಾವಾಗಿಯೇ ಬಿಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. "ಆಡ್ಕೋ ಹೋಗು" ಅಂದರು.

ವಾಪಸು ಬರುವಾಗ ಅದೇ ಚಹಾ ಅಂಗಡಿ. ಹಿರಿಯರು, ಇನ್ನು ಕೆಲವೇ ದಿನಕ್ಕೆ ಹೆತ್ತೆ ಹಬ್ಬ, ಇದ್ದಿದ್ದರೆ ನೋಡಬಹುದಿತ್ತು ಅಂದರು. ಬಡಗರಲ್ಲಿ ಹೆತ್ತೆ ಅಂದರೆ ಅಜ್ಜಿ, ಕುಲಕ್ಕೆಲ್ಲಾ ತಾಯಿಯಾದವಳು. ಡಿಸೆಂಬರ್ ಕೊನೆ, ಜನವರಿಯ ಹೊತ್ತಿಗೆ ಹಟ್ಟಿ ಹಟ್ಟಿಗಳಿಂದ ಜನ ಬಿಳಿ ಬಟ್ಟೆ ಉಟ್ಟು ಸಾಲುಗಟ್ಟಿ ಹೋಗುತ್ತಾರೆ. ನಾವು ಪ್ರವಾಸಿಗರು ಬಿಳಿ ಹುಡುಕಿಕೊಂಡು ಹುಲ್ಲು ಕೆರೆಯುತ್ತಿರುವ ದಿನಗಳಲ್ಲೇ ಬೆಟ್ಟದ ಸ್ವಂತ ಬಿಳಿ ಇನ್ನೊಂದು ಕಡೆ ನಡೆದುಹೋಗುತ್ತಿರುತ್ತದೆ. ನಮಗೆ ಅದರ ಹೆಸರೂ ಗೊತ್ತಿರುವುದಿಲ್ಲ.

ಈಗ ಊಟಿಗೆ ಹೋಗಬೇಕಾದರೆ ಇ-ಪಾಸ್ ತೆಗೆಯಬೇಕು. ಗಾಡಿಗಳ ನೂಕುನುಗ್ಗಲು ತಡೆಯಲಾರದೆ ಮದ್ರಾಸ್ ಹೈಕೋರ್ಟ್ ಹೇಳಿ 2024ರ ಮೇ 7ರಿಂದ ಜಾರಿಗೆ ಬಂತು. ನಮ್ಮ ಕಾರೂ ಆ ನೂಕುನುಗ್ಗಲಿನಲ್ಲಿ ಒಂದು ಅನ್ನುವುದನ್ನು ಮರೆಯುವುದಿಲ್ಲ. ಬಲಾಢ್ಯರಿಗೆ ಹೆದರಿ ಬಡಗರು ಹತ್ತಿದರು, ಜ್ವರಕ್ಕೆ ಹೆದರಿ ಇಂಗ್ಲಿಷರು ಹತ್ತಿದರು. ಯಾವ ಹೆದರಿಕೆಯೂ ಇಲ್ಲದೆ, ಬರೀ ರಜೆ ಇದೆ ಅಂತ ಹತ್ತುತ್ತಿರುವ ಮೊದಲ ತಲೆಮಾರುಗಳು ನಮ್ಮವು. ಅದು ಸಣ್ಣ ಭಾಗ್ಯವಲ್ಲ. ಆ ಭಾಗ್ಯದ ಹಿಂದೆ ಯಾರ ಯಾರ ಗಾಡಿ ಅರ್ಧ ದಾರಿಯಿಂದ ತಿರುಗಿತ್ತು ಅಂತ ಒಂದು ಸಲ ನೆನೆದರೆ ಸಾಕು.

ಲಕ್ಷ್ಮೀಪುರಂಗೆ ಬಂದಾಗ ಸಂಜೆ. ಅಕ್ಕ ಫೋನ್ ಮಾಡಿ "ಹೇಗಿತ್ತೋ ನಿಮ್ಮ ಸ್ನೋ?" ಅಂತ ಕೇಳಿದಳು. ಅಮ್ಮ ಫೋನ್ ತೆಗೆದುಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಸೋದರಮಾವನ ವಿಷಯ ಅವಳಿಗೂ ಹೇಳಿದರು ಅಂತ ಕಾಣುತ್ತದೆ.

ನಿಮ್ಮ ಮನೆಗಳಲ್ಲೂ ಫೋಟೋ ಇಲ್ಲದ ಇಂಥ ಮಾವಂದಿರು, ಚಿಕ್ಕಮ್ಮಂದಿರು ಇರಬಹುದು. ಹೇಳುವವರು ಇರುವಾಗಲೇ ಒಂದು ಸಲ ಕೇಳಿ ನೋಡಿ.